ಮಸಿ ಬಳಿದ ಮುಖಪುಟ

ನಾನು ಒಂದು ಕಾದಂಬರಿ. ನನ್ನೊಳಗಿನ ಕಥೆ ಹುಟ್ಟಿದ್ದು ಆಫ್ರಿಕದಲ್ಲಿ. ನನಗೆ ರಟ್ಟು ಕಟ್ಟಿದ್ದು ಹುಬ್ಬಳ್ಳಿಯ ಒಂದು ಮುದ್ರಣಾಲಯದಲ್ಲಿ. ಆದ್ದರಿಂದ ನನ್ನ ಊರು ಯಾವುದೆಂಬ ಗೊಂದಲ ನನಗೆ ಮೊದಲಿನಿಂದಲೂ ಇದೆ. ನದೀದೇವತೆಯ ವರ ಪಡೆದ ಹುಡುಗಿ, ಅವಳ ಜನ ಹಾಡಿದರೆ ನಾಲಿಗೆ ಕೊಯ್ಯಿಸುವ ಅರಸ, ಇವರಿಬ್ಬರ ಕಥೆ ನನ್ನದು. ಮುಖಪುಟದ ಮೇಲೆ ಆ ಕಪ್ಪು ಹುಡುಗಿಯ ಗುಂಗುರು ಕೂದಲಿನ ಚಿತ್ರ.

ಯಲ್ಲಾಪುರದ ಹುಡುಗಿಯರ ಹಾಸ್ಟೆಲಿಗೆ ಬಂದ ದಿನವೇ ನಗು ಕೇಳಿಸಿತು.

"ಅನಸೂಯಾ, ನಿನ್ನ ಫೋಟೋನೇ ಹಾಕಿದ್ದಾರಲ್ಲೇ!"

ಎಂದೋ ಆಫ್ರಿಕದಿಂದ ಬಂದು ಈ ಕಾಡಿನಲ್ಲಿ ನೆಲೆಸಿದವರ ಕುಲದವಳು, ಒಂಬತ್ತನೇ ತರಗತಿಯ ಅನಸೂಯಾ ಸಿದ್ದಿ ನಗಲಿಲ್ಲ. ಎಲ್ಲರೂ ಊಟಕ್ಕೆ ಹೋದಾಗ ಅವಳು ನನ್ನ ಮುಖಪುಟದ ಮೇಲೆ ಪೆನ್ನಿನಿಂದ ಗೀಚಿ ಗೀಚಿ ಆ ಮುಖವನ್ನೇ ಅಳಿಸಿದಳು. ನನಗೇನೂ ತಿಳಿಯಲಿಲ್ಲ. ನಕ್ಕವರ ಮೇಲಿನ ಸಿಟ್ಟನ್ನು ಅವಳು ತನ್ನಂತೆಯೇ ಇದ್ದವಳ ಮೇಲೇಕೆ ತೀರಿಸಿಕೊಂಡಳು?

ವಾರ್ಡನ್ ಕೇಳಿದಾಗ ಅವಳೇ ಎದ್ದು ನಿಂತಳು. "ನಾನೇ ಮೇಡಂ. ಎಲ್ಲಾ ನಗ್ತಿದ್ರು."

ವಾರ್ಡನ್ ನನ್ನನ್ನು ಅವಳ ಕೈಗಿಟ್ಟರು. "ದಸರಾ ರಜೆಗೆ ಮನೆಗೆ ತಗೊಂಡ್ ಹೋಗು. ಪೂರ್ತಿ ಓದಿ ತಂದುಕೊಡು" ಎಂದರು. ಅದು ಶಿಕ್ಷೆಯೋ ಕರುಣೆಯೋ, ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ.

ಕಾಡಂಚಿನ ಮನೆಯಲ್ಲಿ ಅವಳು ನನ್ನನ್ನು ಅಜ್ಜಿ ಗಣಪಿಗೆ ಗಟ್ಟಿಯಾಗಿ ಓದಿ ಹೇಳಿದಳು. ಕಥೆಯಲ್ಲಿ ಅರಸ ಬಂದ ಕೂಡಲೇ ಅಜ್ಜಿ ಬುಟ್ಟಿ ಹೆಣೆಯುವುದನ್ನು ನಿಲ್ಲಿಸಿದಳು.

"ಇದನ್ನ ಕಂಡು ಬರೆದವರು ಯಾರೇ?"

"ಕಟ್ಟುಕಥೆ ಅಜ್ಜಿ, ಇದು."

"ಕಟ್ಟುಕಥೆ ಎಂತದೇ? ಡಮಾಮಿ ಬಾರಿಸಿದ ಅಂತ ನನ್ನ ಅಪ್ಪನ ಕೈ ಮುರಿಸಿದ್ದ, ಜಮೀನಿನ ಒಡೆಯ. ಅಪ್ಪ ಮತ್ತೆ ಆ ಡೋಲು ಮುಟ್ಲಿಲ್ಲ."

"ನಂಗೆ ಯಾವತ್ತೂ ಹೇಳ್ಲೇ ಇಲ್ವಲ್ಲ?"

"ಶಾಲೆಗೆ ಹೋಗೋ ಮಗು. ಇದನ್ನೆಲ್ಲ ಕೇಳಿ ತಲೆ ತಗ್ಗಿಸ್ಬಾರ್ದು ಅಂತ."

ಅನಸೂಯಾ ನನ್ನನ್ನು ಎದೆಗವಚಿಕೊಂಡು ಅತ್ತಳು. ಕಣ್ಣೀರು ಯಾರಿಗಾಗಿ ಎಂದು ನಾನು ಯೋಚಿಸುತ್ತಲೇ ಇದ್ದೆ.

ರಜೆ ಮುಗಿದ ಮೇಲೆ ಓದಿದ ಪುಸ್ತಕದ ಬಗ್ಗೆ ಮಾತನಾಡಲು ಅವಳನ್ನು ಪ್ರಾರ್ಥನಾ ಸಭೆಯ ಎದುರು ನಿಲ್ಲಿಸಿದರು. ನಾನು ಅವಳ ಕೈಯಲ್ಲಿದ್ದೆ. ಅವಳು ನನ್ನನ್ನು ತೆರೆಯಲಿಲ್ಲ. ನನ್ನ ನದೀದೇವತೆಯ ಸುದ್ದಿಯನ್ನೇ ಎತ್ತದೆ ಅವಳು ಮುತ್ತಜ್ಜನ ಮುರಿದ ಕೈಯ ಕಥೆ ಹೇಳಿದಳು. ಯಾರೂ ನಗಲಿಲ್ಲ.

ಈಗ ನನ್ನ ಬೆನ್ನು ಬಿಟ್ಟಿದೆ, ಹಾಳೆಗಳನ್ನು ಗೆದ್ದಲು ತಿಂದಿದೆ. ಹಾಸ್ಟೆಲಿನ ಹಳೆಯ ಕಪಾಟಿನ ತಳದಲ್ಲಿ ಮಲಗಿದ್ದೇನೆ. ಅಂದು ನನ್ನ ಒಂದು ಸಾಲನ್ನೂ ಹೇಳದೆ ಅವಳು ನನ್ನನ್ನು ಕೈಬಿಟ್ಟಳೆಂದು ಕೆಲವು ದಿನ ಅನಿಸುತ್ತದೆ. ನನ್ನನ್ನು ಅವಳಷ್ಟು ಚೆನ್ನಾಗಿ ಯಾರೂ ಓದಲಿಲ್ಲವೆಂದು ಕೆಲವು ದಿನ.