ಯಂತ್ರ ತೆಗೆದಿಟ್ಟ ಮೇಲೆ

ಶಾಲೆಗೆ ಹೊರಡುವ ಮೊದಲು ಆರು ಸದ್ದು ಆಗಲೇಬೇಕು. ಸುಪ್ರಿತಾ ಹಳೆಯ ಮದುವೆ ಆಮಂತ್ರಣದ ಕಾಗದವೊಂದನ್ನು ಬಾಯಿಗೆ ಅಡ್ಡ ಹಿಡಿದು, ತುಟಿ ಕಾಣದ ಹಾಗೆ, ಒಂದೊಂದಾಗಿ ಹೇಳುತ್ತಾಳೆ: ಆ, ಊ, ಈ, ಮ್, ಶ್, ಸ್. ಏಳು ವರ್ಷದ ಅಮ್ಮು ಕೇಳಿದ್ದನ್ನು ತಿರುಗಿ ಹೇಳಬೇಕು. ಆರೂ ಬಂದರೆ ಯಂತ್ರ ಸರಿಯಿದೆ, ಮಗಳಿಗೆ ಪಾಠ ಕೇಳಿಸುತ್ತದೆ ಎಂದು ಲೆಕ್ಕ. ಅಮ್ಮುವಿಗೆ ಐದು ಬರುತ್ತಿತ್ತು. ‘ಸ್’ ಮಾತ್ರ ಇಷ್ಟು ವರ್ಷವಾದರೂ ಬಂದಿರಲಿಲ್ಲ.

ಹುಟ್ಟಿನಿಂದಲೇ ಏನೂ ಕೇಳದ ಮಗು. ಮೂರು ತುಂಬಿದಾಗ ಆಪರೇಷನ್ ಆಯಿತು. ಕಿವಿಯ ಹಿಂದೆ ಯಂತ್ರ, ತಲೆಗೆ ಅಯಸ್ಕಾಂತದಿಂದ ಅಂಟುವ ಬಿಲ್ಲೆ. ಬಿಲ್ಲೆ ತೆಗೆದರೆ ಪಕ್ಕದಲ್ಲಿ ಗರ್ನಾಲು ಸಿಡಿದರೂ ಅವಳಿಗೆ ಗೊತ್ತಾಗದು.

ಈಗ ಹದಿನೈದು ದಿನದಿಂದ ಅವಳೇ ಬಿಲ್ಲೆ ತೆಗೆಯತೊಡಗಿದ್ದಳು.

“ನಾನು ಕೊರಳಿಗೆ ಮೈಕ್ ಕಟ್ಟಿಕೊಂಡು ಪಾಠ ಮಾಡುದು ಇವಳಿಗೋಸ್ಕರ,” ಎಂದರು ಕ್ಲಾಸಿನ ನುಸೈಬಾ ಟೀಚರ್, ಬುಧವಾರ ಬೆಳಿಗ್ಗೆ ಮಗಳನ್ನು ಬಿಡಲು ಹೋದ ಸುಪ್ರಿತಾಳಿಗೆ. “ಇವಳು ಯಂತ್ರ ತೆಗೆದು ಪೆನ್ಸಿಲ್ ಬಾಕ್ಸಿಗೆ ಹಾಕಿದ್ರೆ ನಾನು ಪೆನ್ಸಿಲಿಗೆ ಪಾಠ ಮಾಡಿದ ಹಾಗಾಯ್ತಲ್ಲ ಮಾರಾಯ್ತಿ.” ನಕ್ಕವರು ದನಿ ತಗ್ಗಿಸಿದರು. “ತೆಗೆದು ಸುಮ್ಮನೆ ಕೂತ್ರೆ ಬೇರೆ ಮಾತು. ಅವಳು ಏನೋ ಕೇಳಿಸಿಕೊಳ್ತಾಳೆ ಸುಪ್ರಿತಾ. ತಲೆ ಹೀಗೆ ವಾಲಿಸಿಕೊಂಡು. ನಡುವೆ ನಗ್ತಾಳೆ. ನನಗೆ ಆ ಬೆಂಚಿನ ಹತ್ತಿರ ಹೋಗ್ಲಿಕ್ಕೇ ಒಂಥರಾ ಆಗ್ತದೆ.”

ಶುಕ್ರವಾರ ಸುಳ್ಯದಿಂದ ಅಚ್ಚುತ ಮಾಸ್ಟ್ರು ಬರುವವರಿದ್ದರು. ಇಂಥ ಮಕ್ಕಳಿರುವ ಶಾಲೆಗಳನ್ನೆಲ್ಲ ಸುತ್ತಿ ಪರೀಕ್ಷಿಸುವವರು ಅವರು. ಅಮ್ಮು ಇದೇ ಶಾಲೆಯಲ್ಲಿ ಮುಂದುವರಿಯುವುದೋ, ಕಿವಿ ಕೇಳದ ಮಕ್ಕಳಿಗೆಂದೇ ಇರುವ ಘಟ್ಟದ ಮೇಲಿನ ಹಾಸ್ಟೆಲ್ ಶಾಲೆಗೆ ಹೋಗುವುದೋ ಎಂಬುದು ಆ ದಿನ ಅವರು ಬರೆಯುವುದರ ಮೇಲೆ ನಿಂತಿತ್ತು.

ಗೇರುಬೀಜದ ಫ್ಯಾಕ್ಟರಿಯಿಂದ ಬಂದ ಸುಪ್ರಿತಾ ಅದೇ ಬುಧವಾರ ಸಂಜೆ ಹಿತ್ತಿಲ ಬಾಗಿಲಲ್ಲೇ ನಿಂತಳು. ಮೆಟ್ಟಿಲಿನ ಒಂದು ತುದಿಯಲ್ಲಿ ಅಮ್ಮು ಕೂತಿದ್ದಳು. ಬಿಲ್ಲೆ ಮಡಿಲಲ್ಲಿತ್ತು. ಮೆಟ್ಟಿಲಿನ ಇನ್ನೊಂದು ತುದಿ ಖಾಲಿ. ಅಮ್ಮು ಆ ಖಾಲಿಯ ಕಡೆ ಕಿವಿ ಕೊಟ್ಟಿದ್ದಳು.

“ಅಂದ್,” ಎಂದಳು. ಹೌದು ಎಂಬುದಕ್ಕೆ ತುಳುವಿನ ಮಾತು.

ಯಂತ್ರ ಬಂದ ಮೇಲೆ ಆ ಮನೆಯಲ್ಲಿ ಮಗುವಿನ ಎದುರು ಯಾರೂ ತುಳು ಆಡಿದವರಲ್ಲ. ಆಪರೇಷನ್ ಆದಾಗ ಮಾತು ಕಲಿಸುವ ಮೇಡಂ ಹೇಳಿದ್ದರು, ಒಂದೇ ಭಾಷೆ, ಎರಡಾದರೆ ಮಗು ಯಾವುದನ್ನೂ ಕಲಿಯದು ಎಂದು. ಶಾಲೆಯ ಭಾಷೆಯೇ ಆಗಲಿ ಎಂದು ಸುಪ್ರಿತಾ ಕನ್ನಡ ಹಿಡಿದಳು. ಅತ್ತೆಗೆ ಬರುತ್ತಿದ್ದದ್ದು ತುಳು ಒಂದೇ. ಯಂತ್ರ ಚಾಲೂ ಮಾಡುವ ಹಿಂದಿನ ದಿನ, ಇದೇ ಮೆಟ್ಟಿಲಲ್ಲಿ, ಸುಪ್ರಿತಾ ತುಟಿಗೆ ಬೆರಳಿಟ್ಟು ಅತ್ತೆಗೆ ಹೇಳಿದ್ದಳು: “ಮಾಮಿ, ಪಾತೆರಡೆ.” ಮಾತಾಡಬೇಡಿ.

“ಕೋಳಿಗೂ ಕನ್ನಡವೇ ಆಗ್ಬೇಕಾ?” ಎಂದು ತುಳುವಿನಲ್ಲೇ ಕೇಳಿದ್ದರು ಮಾಮಿ. ಕೊನೆಗೆ ಕೋಳಿ ಕರೆಯುವ “ಬೊ ಬೊ ಬೊ” ಒಂದಕ್ಕೆ ವಿನಾಯಿತಿ ಸಿಕ್ಕಿತು. ಆಮೇಲೆ ಮೂರೂವರೆ ವರ್ಷ ಮೊಮ್ಮಗಳ ತಲೆ ಬಾಚುತ್ತ, ಬಾಯಿ ಕಟ್ಟಿಕೊಂಡೇ ಬದುಕಿದರು. ಹೋದ ಆಟಿ ತಿಂಗಳ ಮಳೆಯಲ್ಲಿ ತೀರಿಕೊಂಡರು. ಅಂದಿನಿಂದ ಕೋಳಿಗಳು ಯಾರು ಕರೆದರೂ ಬರುತ್ತಿರಲಿಲ್ಲ.

ಸುಪ್ರಿತಾ ಮಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಬಿಲ್ಲೆ ಅಂಟಿಸಿದಳು. “ಯಾರ ಹತ್ತಿರ ಮಾತಾಡುದು ನೀನು?”

ಅಮ್ಮು ತುಟಿಗೆ ಬೆರಳಿಟ್ಟಳು. “ಪಾತೆರಡೆ,” ಎಂದಳು. ಸುಪ್ರಿತಾಳದೇ ದನಿ, ಅದೇ ಅವಸರ.

ಆ ಮಾತು ಹೇಳಿದ ದಿನ ಅಮ್ಮುವಿಗೆ ಒಂದು ಸದ್ದೂ ಕೇಳುತ್ತಿರಲಿಲ್ಲ.

ರಾತ್ರಿ ಸುಪ್ರಿತಾ ಇದನ್ನು ತಿಳಿಸಿದಾಗ ಗಂಡ ಲತೀಶ ಲಾರಿ ನಿಲ್ಲಿಸಿ ಗುಂಡ್ಯದಿಂದ ಫೋನಿನಲ್ಲಿ ಹೇಳಿದ: “ಶಾಲೆಯ ಮಕ್ಕಳದ್ದು ಕೇಳಿ ಕಲ್ತಿರ್ಬೇಕು. ನೀನು ಎಂತೆಂತದೋ ತಲೆಗೆ ಹಾಕ್ಬೇಡ.” ಸುಪ್ರಿತಾ ಹೂಂ ಎಂದಳು.

ಗುರುವಾರ ಬೆಳಿಗ್ಗೆ ಅಮ್ಮು ಬಿಲ್ಲೆ ಹಾಕಲು ಬಿಡಲೇ ಇಲ್ಲ. ಆರರಲ್ಲಿ ಒಂದು ಸದ್ದೂ ಆಗಲಿಲ್ಲ. ಸಂಜೆ ಸುಪ್ರಿತಾ ಬಿಲ್ಲೆಯನ್ನು ಅಂಗೈಯಲ್ಲಿ ಹಿಡಿದು ಮೆಟ್ಟಿಲಿಗೆ ಬಂದಳು. ಖಾಲಿ ತುದಿಯನ್ನು ನೋಡಿದಳು. ಅಮ್ಮುವಿನ ಪಕ್ಕ ಕೂತು, ಆ ಖಾಲಿಗೆ ತುಳುವಿನಲ್ಲೇ ಹೇಳಿದಳು:

“ಮಾಮಿ, ನನ್ನಿಂದ ತಪ್ಪಾಯಿತು. ಮಾತಾಡಿ, ಎಷ್ಟು ಬೇಕಾದರೂ. ಆದರೆ ಇದು ಅವಳ ತಲೆಯಲ್ಲಿರುವಾಗ ಮಾತಾಡಿ. ಇದನ್ನು ತೆಗೆದಿಟ್ಟರೆ ನಾಳೆ ಅವಳನ್ನು ಹಾಸ್ಟೆಲಿಗೆ ಬರೆಯುತ್ತಾರೆ. ಆಮೇಲೆ ನಿಮಗೂ ಇಲ್ಲ, ನನಗೂ ಇಲ್ಲ.”

ಬಿಲ್ಲೆಯನ್ನು ಅಮ್ಮುವಿನ ತಲೆಯ ಹತ್ತಿರ ತಂದಳು. ಅದು ಟಕ್ಕನೆ ಅಂಟಿತು. ಅಮ್ಮು ಈ ಬಾರಿ ಕೈ ಎತ್ತಲಿಲ್ಲ.

ಬಾಳೆಬುಡದಿಂದ, ಕಟ್ಟಿಗೆಯ ಅಟ್ಟಿಯಿಂದ ಕೋಳಿಗಳೆಲ್ಲ ಒಂದೇ ಸಲ ಓಡಿ ಬಂದು ಮೆಟ್ಟಿಲ ಬುಡದಲ್ಲಿ ನಿಂತವು. ಯಾರ ಕೈಯಲ್ಲೂ ಒಂದು ಕಾಳು ಅಕ್ಕಿ ಇರಲಿಲ್ಲ.

ಶುಕ್ರವಾರ ಅಚ್ಚುತ ಮಾಸ್ಟ್ರು ಅಮ್ಮುವಿನ ಬೆನ್ನ ಹಿಂದೆ ನಿಂತು ಬಾಯಿಗೆ ಪುಸ್ತಕ ಅಡ್ಡ ಹಿಡಿದರು. ಐದು ಸದ್ದು ಬಂದವು. ಆರನೆಯದನ್ನು ಹೇಳಿ ಕಾದರು. ಬಾಗಿಲ ಬಳಿ ನಿಂತಿದ್ದ ಸುಪ್ರಿತಾ ಸೆರಗಿನ ತುದಿ ಹಿಂಡಿದಳು. ಅಮ್ಮು ತಲೆಯನ್ನು ಪಕ್ಕಕ್ಕೆ ವಾಲಿಸಿದಳು, ಯಾರೋ ಕಿವಿಯ ಹತ್ತಿರ ಬಗ್ಗಿದ ಹಾಗೆ.

“ಸ್,” ಎಂದಳು.

ಮತ್ತೆರಡು ಸಲ ಪರೀಕ್ಷಿಸಿದರು. ಎರಡು ಸಲವೂ ಬಂತು. ಮಾಸ್ಟ್ರು ಇದೇ ಶಾಲೆ ಎಂದು ಬರೆದು ಸಹಿ ಹಾಕಿ, ಕನ್ನಡಕ ತೆಗೆದರು. “ಮನೆಯಲ್ಲಿ ಯಾವ ಭಾಷೆ?”

“ಕನ್ನಡ ಸಾರ್. ಒಂದೇ ಭಾಷೆ ಅಂತ ಮೇಡಂ ಹೇಳಿದ್ರಲ್ಲ.”

“ಅದು ಆಗಿನ ಮಾತು. ಮನೆಯಲ್ಲಿ ಯಾವ ಭಾಷೆ ಉಂಟೋ ಅದನ್ನೇ ಧಾರಾಳ ಮಾತಾಡಿ ಅಂತ ನಾವು ಈಗ ಹೇಳುದು. ಅಜ್ಜಿ ಇದ್ದಾರಾ?”

ಸುಪ್ರಿತಾ ಬಾಯಿ ತೆರೆಯುವ ಮೊದಲೇ ಅಮ್ಮು ಹೇಳಿದಳು, “ಇದ್ದಾರೆ.”

ಸಂಜೆ ಇಬ್ಬರೂ ಮೆಟ್ಟಿಲಲ್ಲಿ ಕೂತರು. ಬಿಲ್ಲೆ ತಲೆಯಲ್ಲೇ ಇತ್ತು. ಸುಪ್ರಿತಾ ತುಳುವಿನಲ್ಲಿ ಫ್ಯಾಕ್ಟರಿಯ ಸುದ್ದಿ ಹೇಳಿದಳು, ಬಸ್ಸಿನಲ್ಲಿ ಸೀಟಿಗೆ ಜಗಳ ಆದದ್ದನ್ನು ಹೇಳಿದಳು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲನೆ ಕೇಳಿದಳು, “ಅಜ್ಜಿ ಎಂತ ಹೇಳ್ತಾರೆ?”

“ಅಜ್ಜಿ ಈಗ ಮಾತಾಡುದಿಲ್ಲ,” ಎಂದಳು ಅಮ್ಮು. “ನೀನು ಹೇಳುದು ಕೇಳ್ತಾ ಕೂತಿದ್ದಾರೆ.”

ಕೋಳಿಗಳು ಮೆಟ್ಟಿಲು ಹತ್ತಿ ಸಾಲಾಗಿ ಕೂತಿದ್ದವು. ತುದಿಯಲ್ಲಿ ಮಾತ್ರ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದವು. ಸುಪ್ರಿತಾ ಆ ಕಡೆ ನೋಡದೆ ಮಾತು ಮುಂದುವರಿಸಿದಳು. ನಿಲ್ಲಿಸಲು ಅವಳಿಗೆ ಧೈರ್ಯ ಬರಲಿಲ್ಲ.