ಸೂರು ಹೊತ್ತ ಕುಳ್ಳರು

ಚೀನಾದ ಚಾವೊಜೌ ಸೀಮೆಯಲ್ಲಿ ಪೂರ್ವಜರ ಗುಡಿಯ ಮಾಡು ದುರಸ್ತಿಗೆ ಬಂದರೆ ಕೆಲಸವನ್ನು ಒಬ್ಬರಿಗೇ ಕೊಡುವುದಿಲ್ಲ. ಎಡಭಾಗ ಒಂದು ತಂಡಕ್ಕೆ, ಬಲಭಾಗ ಇನ್ನೊಂದಕ್ಕೆ. ನಡುವೆ ಚಾಪೆಯ ಪರದೆ. ಪರದೆ ಇಳಿದ ದಿನ ಯಾರು ತಿದ್ದಿದ ಮಾಡಿನ ಗೊಂಬೆಗಳು ಹೆಚ್ಚು ನಿಜವೆನಿಸುತ್ತವೋ ಅವರಿಗೆ ಮಾಡಿನ ನೆತ್ತಿಯ ಡ್ರ್ಯಾಗನ್‌ಗಳನ್ನು ಮಾಡುವ ಭಾಗ್ಯ. ಹೊಟ್ಟೆಕಿಚ್ಚಿದ್ದರೆ ಕೆಲಸ ಅಚ್ಚುಕಟ್ಟಾಗುತ್ತದೆಂದು ಹಿರಿಯರಿಗೆ ಗೊತ್ತಿತ್ತು.

ಈ ಸಲ ಎಡಕ್ಕೆ ಬೂಸಿಯಾಂಗ್, ಬಲಕ್ಕೆ ಅವನ ಹೆಂಡತಿ ಸೊಕ್‌ಖೆಂಗ್. ಬಣ್ಣದ ಪಿಂಗಾಣಿ ಬಟ್ಟಲು ಒಡೆದು, ಚೂರುಗಳನ್ನು ಇಕ್ಕಳದಲ್ಲಿ ಕತ್ತರಿಸಿ, ಬೆಲ್ಲ ಕಲಸಿದ ಸುಣ್ಣದ ಮೇಲೆ ಕೂರಿಸಿ ಗೊಂಬೆ ಮಾಡುವ ವಿದ್ಯೆಯನ್ನು ಅವಳು ಅಪ್ಪನಿಂದ ಕಲಿತಿದ್ದಳು. ಕಲಿಸಿದ ಅಪ್ಪನೇ, ಹೆಂಗಸು ನೆತ್ತಿ ಹತ್ತಿದ್ದುಂಟೇ ಎಂದು ಸಾಯುವವರೆಗೂ ಗೊಣಗಿದ್ದ. ಅದಕ್ಕೇ ಅವಳಿಗೆ ಆ ನೆತ್ತಿ ಬೇಕೇ ಬೇಕಿತ್ತು.

ಮನೆಯಲ್ಲಿ ಮಾತ್ರ ಇಬ್ಬರಿಗೂ ಒಂದೇ ಗಂಜಿ.

"ಏನೇ ಮಾಡ್ತಿದೀಯ ಅಲ್ಲಿ?"

"ಮತ್ತೆ ಪರದೆ ಯಾಕ್ ಕಟ್ಟಿರೋದು? ಉಪ್ಪಿನಕಾಯಿ ನಂಚ್ಕೊಂಡು ಸುಮ್ನೆ ಕುಡೀರಿ."

ಹಳೆಯ ಗೊಂಬೆಗಳನ್ನು ಇದ್ದ ಹಾಗೆಯೇ ತಿದ್ದಬೇಕೆಂಬುದು ಕಟ್ಟಳೆ. ಆದರೆ ಸೂರಿನ ಎರಡು ಮೂಲೆಗಳನ್ನು ಹೆಗಲ ಮೇಲೆ ಹೊತ್ತ ಕುಳ್ಳರ ಮುಖ ಎಂದೋ ಉದುರಿಹೋಗಿತ್ತು. ಹೇಗಿತ್ತೆಂದು ಹೇಳುವವರೂ ಇರಲಿಲ್ಲ. ಸೊಕ್‌ಖೆಂಗ್ ತನ್ನ ಕುಳ್ಳನಿಗೆ ಗಂಡನ ಮುಖವನ್ನೇ ಇಟ್ಟಳು: ಚಪ್ಪಟೆ ಮೂಗು, ಭಾರಕ್ಕೆ ಹೊರಬಿದ್ದ ನಾಲಿಗೆ.

ಪರದೆ ಇಳಿಯಿತು. ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು. ಎಡಮೂಲೆಯಲ್ಲಿ ಹುಬ್ಬು ಗಂಟಿಕ್ಕಿ ಸೂರು ಹೊತ್ತಿದ್ದವಳು ಸಾಕ್ಷಾತ್ ಸೊಕ್‌ಖೆಂಗ್!

ತೀರ್ಪು ಹೇಳಬೇಕಾದವಳು ವಂಶದ ಹಿರಿಯಳಾದ ಅವಳ ಅತ್ತೆ. ಮುದುಕಿ ಬಲಮೂಲೆಗೆ ಹೋಗಿ ಮಗನ ನಾಲಿಗೆ ನೋಡಿದಳು, ಎಡಮೂಲೆಗೆ ಬಂದು ಸೊಸೆಯ ಹುಬ್ಬು ನೋಡಿದಳು.

"ಎರಡೂ ಅಚ್ಚು ಹೊಡ್ದಂಗಿವೆ. ಆದ್ರೆ ನನ್ ಮಗ ಭಾರ ಹೊತ್ತಿದ್ದನ್ನ ಈ ಜನ್ಮದಲ್ಲಿ ನಾನು ಕಂಡಿಲ್ಲ. ಬಲಗಡೇದು ಸುಳ್ಳು. ಮನೆ ಹೊರೋಳು ಇವಳು, ಎಡಗಡೇದೇ ನಿಜ. ಗೆದ್ದೋನು ನನ್ ಮಗ."

"ಅಮ್ಮಾ, ಗೆಲ್ಸಿದ್ಯೋ, ಮಾನ ಕಳೆದ್ಯೋ?" ಎಂದ ಬೂಸಿಯಾಂಗ್.

ಎಲ್ಲರೂ ನಗುತ್ತಿದ್ದಾಗ ಸೊಕ್‌ಖೆಂಗ್ ಮಾತ್ರ ತಲೆಯೆತ್ತಿ ಮಾಡಿನ ನೆತ್ತಿಯನ್ನೇ ನೋಡುತ್ತಿದ್ದಳು. ನೆತ್ತಿಯ ಕೆಲಸ ಕೈತಪ್ಪಿತ್ತು. ಬೂಸಿಯಾಂಗ್ ಅದನ್ನು ಕಂಡ. ಕಿವಿಯವರೆಗೂ ಕೆಂಪಾಗಿ, ಬಟ್ಟಲುಗಳ ಬುಟ್ಟಿ ಎಳೆದುಕೊಂಡು ನೆಲದ ಮೇಲೆ ಕುಕ್ಕರಿಸಿದ.

"ಗೆದ್ದೋನು ನಾನ್ ತಾನೇ? ಯಾರು ಏನ್ ಮಾಡ್ಬೇಕು ಅಂತ ನಾನೇ ಹೇಳ್ತೀನಿ. ಏಣಿ ಹತ್ತೇ, ಡ್ರ್ಯಾಗನ್ ನಿಂದು. ನಾನು ಬಟ್ಟಲು ಒಡೆದು ಕೊಡ್ತೀನಿ."

"ಒಡೆಯೋದ್ರಲ್ಲಿ ನೀವು ಮನೇಲೇ ಪಳಗಿದೀರಿ ಬಿಡಿ," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. ಗಂಡನ ಮನಸ್ಸು ಎಲ್ಲಿ ಬದಲಾದೀತೋ ಎಂದು ಆಗಲೇ ಅರ್ಧ ಏಣಿ ಹತ್ತಿಬಿಟ್ಟಿದ್ದಳು.