ಕೋರಾ ಬಟ್ಟೆಯ ಮಂಟಪ

ಅತ್ತೆಯ ಸೊಂಟಕ್ಕೂ ನನ್ನ ಕಟಿಂಗ್ ಟೇಬಲ್ಲಿನ ಮೂಲೆಗೂ ಮತ್ತೊಮ್ಮೆ ಡಿಕ್ಕಿಯಾದ ಬೆಳಿಗ್ಗೆ ತೀರ್ಪು ಹೊರಬಿತ್ತು. ಟೇಬಲ್ಲನ್ನು ಅರ್ಧಕ್ಕೆ ಕೊಯ್ಯಿಸಬೇಕು, ಇಲ್ಲವೇ ಅದು ಹಾಲ್‌ನಿಂದ ಆಚೆ ಹೋಗಬೇಕು.

"ಇದು ಮನೇನೋ, ಗೋಡೌನೋ?" ಅತ್ತೆ ಸೊಂಟ ಉಜ್ಜಿಕೊಳ್ಳುತ್ತ ಕೇಳಿದರು. "ಅಡುಗೆಮನೆಗೆ ಹೋಗ್ಬೇಕು ಅಂದ್ರೆ ಅಡ್ಡಡ್ಡ ನಡೀಬೇಕು. ಏಡಿ ಆಗೋಗಿದೀನಿ ನಾನು."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ನಾನು ಹೊಲಿಯುವುದು ನಾಟಕದವರ ಉಡುಪು. ರಾಣಿಯ ನಿಲುವಂಗಿಯ ಕೆಳಗಿನ ಅಗಲವಾದ ಘೇರನ್ನು ಒಂದೇ ತುಂಡಿನಲ್ಲಿ ಕತ್ತರಿಸಬೇಕಾದರೆ ಬಟ್ಟೆ ಕೈಕಾಲು ಚಾಚಿ ಮಲಗಬೇಕು. ಅರ್ಧ ಟೇಬಲ್ಲಿನ ಮೇಲೆ ದಿಂಬಿನ ಕವರ್ ಕತ್ತರಿಸಬಹುದು, ಅಷ್ಟೆ. ಟೇಬಲ್ಲಿಗೆ ಗರಗಸ ಬಿದ್ದರೆ ನನ್ನ ಕೆಲಸಕ್ಕೂ ಬಿದ್ದಂತೆ.

ಉಳಿದಿದ್ದು ಹಿತ್ತಿಲು. ಕಲ್ಲು ಹಾಸಿದ ಚೌಕ, ಪೂರ್ವಕ್ಕೆ ಒಂದು ಮೋಟು ಗೋಡೆ, ಅದರಾಚೆ ಪೇಂಟರ್ ಮನೆ. ಮಧ್ಯಾಹ್ನ ಬರಿಗಾಲಲ್ಲಿ ಕಾಲಿಟ್ಟವರು ಅಲ್ಲಿ ಕುಣಿಯಲೇಬೇಕು. ಮಖಮಲ್ಲಿನ ಬಟ್ಟೆಯನ್ನು ಒಂದು ವಾರ ಆ ಬಿಸಿಲಲ್ಲಿ ಹರಡಿದರೆ ರಾಣಿ ಬಣ್ಣಗೆಟ್ಟು ದಾಸಿಯಾಗುತ್ತಾಳೆ. ಹಾಗಾಗಿ ಮೇಲೊಂದು ಸೂರು ಬೇಕು, ಮರದ್ದೇ ಆಗಲಿ ಎಂದು ತೀರ್ಮಾನವಾಯಿತು. ಎಂಥ ಸೂರು ಎಂಬಲ್ಲಿ ಜಗಳ ಶುರುವಾಯಿತು.

ಮರದಂಗಡಿಯವನ ಅಂಗಳದಲ್ಲಿ ಮೂರು ಮಂಟಪಗಳು ನಿಂತಿದ್ದವು. ಮೊದಲನೆಯದಕ್ಕೆ ಅವನು ಪರ್ಗೋಲಾ ಎಂದ. ಮೇಲೆ ಮಾಡಿನ ಜಾಗದಲ್ಲಿ ಬರೀ ಅಡ್ಡಪಟ್ಟಿಗಳು. ಕೆಳಗೆ ಹೋಗಿ ನಿಂತ ನಮ್ಮವರ ಮುಖದ ಮೇಲೆ ಬಿಸಿಲು ಪಟ್ಟೆಪಟ್ಟೆಯಾಗಿ ಬಿತ್ತು.

"ಹುಲಿ ಥರ ಕಾಣ್ತಿದೀಯ ಕಣೋ," ಅಂದರು ಅತ್ತೆ.

"ಹುಲಿ ಎಲ್ಲಿ ಬಂತು ಅತ್ತೆ, ಜೀಬ್ರಾ ಅದು," ಅಂದೆ.

ಎರಡನೆಯದು ಆರು ಮೂಲೆಯದು. ಕೆತ್ತನೆಯ ಕಂಬ, ತಲೆಯ ಮೇಲೆ ಕೋನ್ ಟೋಪಿಯಂಥ ಮಾಡು, ಮಾಡಿನ ತುದಿಗೊಂದು ಗುಬುಟು. ನಮ್ಮವರು ಬಸ್ ಡ್ರೈವರ್. ಇಡೀ ದಿನ ಎಲ್ಲರನ್ನೂ ಕೂರಿಸಿಕೊಂಡು ಹೋಗುವವರಿಗೆ ತಾವೇ ಸುಮ್ಮನೆ ಕೂರುವ ಜಾಗದ ಆಸೆ. ಅದರೊಳಗೆ ಹೋಗಿ ಕೂತವರು ಏಳಲೇ ಇಲ್ಲ.

"ಇದೇ ಆಗ್ಲಿ. ರಾಜನ ಥರ ಕೂತ್ಕೋಬೋದು."

"ನನ್ನ ಟೇಬಲ್ ಎಲ್ಲಿ ಕೂತ್ಕೊಳ್ಳುತ್ತೆ?"

"ರೌಂಡ್ ಟೇಬಲ್ ತಗೊಂಡ್ಬಿಡಿ ಮೇಡಂ," ಅಂದ ಅಂಗಡಿಯವನು. ಅವನನ್ನು ನೋಡಿದೆ. ಅವನು ಕಂಬ ಒರೆಸತೊಡಗಿದ.

ನನ್ನ ಕಣ್ಣು ಮೂರನೆಯದರ ಮೇಲಿತ್ತು. ನಾಲ್ಕು ಕಂಬ, ಸಂದಿಲ್ಲದಂತೆ ಹಲಗೆ ಹೊದಿಸಿದ ಸಾದಾ ಮಾಡು. ಕೆತ್ತನೆ ಇಲ್ಲ, ಟೋಪಿ ಇಲ್ಲ.

"ಬಸ್ ಸ್ಟಾಪು!" ಅಂದರು ನಮ್ಮವರು. "ದಿನಾ ಇಂಥವೇ ನೋಡಿ ನೋಡಿ ಸಾಕಾಗಿದೆ. ಮನೇಲೂ ಇದೇ ಬೇಕಾ?" ಅತ್ತೆ ಮಗನ ಪಕ್ಷಕ್ಕೆ ವಾಲಿದರು. "ನಾಲ್ಕು ಜನ ಬಂದ್ರೆ ನೋಡೋಕಾದ್ರೂ ಚೆನ್ನಾಗಿರ್ಬೇಕಲ್ಲಮ್ಮಾ."

"ನಿಧಾನವಾಗಿ ಹೇಳಿ," ಅಂದ ಅಂಗಡಿಯವನು. "ಆದ್ರೆ ಒಂದ್ಸಲ ಮರ ಕೊಯ್ದ್ಮೇಲೆ ವಾಪಸ್ ಇಲ್ಲ."

ಇದೇ ಮಾತನ್ನು ನಾನು ನಾಟಕದವರಿಗೆ ಎಷ್ಟೋ ಸಲ ಹೇಳಿದ್ದೇನೆ. ಅದಕ್ಕೇ ನಾವು ಒಳ್ಳೆಯ ಬಟ್ಟೆಗೆ ಕತ್ತರಿ ಹಾಕುವ ಮೊದಲು ಅಗ್ಗದ ಕೋರಾ ಬಟ್ಟೆಯಲ್ಲಿ ಹೊಲಿದು, ಮೈಮೇಲೆ ಹಾಕಿಸಿ ನೋಡುವುದು. ಮಂಟಪಕ್ಕೆ ಯಾಕಾಗಬಾರದು?

"ಟ್ರಯಲ್ ನೋಡೋಣ," ಅಂದೆ.

"ಮಂಟಪಕ್ಕಾ? ತಲೆ ಕೆಟ್ಟಿದೆಯೇನೇ ನಿಂಗೆ?" ಅಂದರು ನಮ್ಮವರು.

ನಾನು ಆಗಲೇ ಟೇಪು ಹಿಡಿದು ಕಂಬದ ಎತ್ತರ ಅಳೆಯುತ್ತಿದ್ದೆ.

ಪೇಂಟರ್ ತನ್ನ ಖಾಲಿ ಡಬ್ಬಗಳನ್ನು ಕೊಟ್ಟ. ಅವುಗಳಿಗೆ ಮರಳು ತುಂಬಿ ಬಿದಿರುಗಳನ್ನು ನಿಲ್ಲಿಸಿ, ಮೊದಲು ಆರು ಮೂಲೆಯದನ್ನೇ ಹೊಲಿದು ಹೊದಿಸಿದೆ. ನ್ಯಾಯ ನ್ಯಾಯವೇ. ನಡುಮಧ್ಯಾಹ್ನ ಅದರ ಕೆಳಗೆ ತಂಪಾದ ದುಂಡು ನೆರಳು ಬಿತ್ತು. ನಮ್ಮವರು ಚಾಪೆ ಹಾಸಿ ಮಲಗಿ, ಗೆದ್ದವರಂತೆ ಕಾಲಮೇಲೆ ಕಾಲು ಹಾಕಿದರು. ಆಮೇಲೆ ಹೊತ್ತು ಇಳಿಯಿತು. ನೆರಳು ಅವರ ಎದೆಯಿಂದ ಜಾರಿತು, ಚಾಪೆ ದಾಟಿತು, ಮೋಟು ಗೋಡೆ ಹತ್ತಿ ಆಚೆ ಇಳಿಯಿತು. ಪೇಂಟರ್ ಒಂದು ಕುರ್ಚಿ ತಂದು ಆ ನೆರಳಲ್ಲಿ ಕೂತ.

"ಅಣ್ಣಾ, ಬಹಳ ಒಳ್ಳೇ ಮಂಟಪ! ಇದನ್ನೇ ಹಾಕ್ಸಿ!"

"ಹಾಕ್ಸೋದು ನಾವು, ಕೂರೋದು ನೀನಾ?" ಅತ್ತೆ ಗೋಡೆಯ ಮೇಲಿಂದ ಗದರಿದರು. ನಮ್ಮವರು ಚಾಪೆ ಸುತ್ತಿದರು. "ಸರಿ ಮಾರಾಯ್ತಿ. ಬಸ್ ಸ್ಟಾಪೇ ಆಗ್ಲಿ."

ಆ ರಾತ್ರಿ ನಾನು ಬೀಗಿದ್ದು ಸುಳ್ಳಲ್ಲ. ಮರುದಿನ ನನ್ನ ನಾಲ್ಕು ಮೂಲೆಯದನ್ನು ಹೊಲಿದು ನಿಲ್ಲಿಸಿದೆ. ಕೆಳಗೆ ಟೇಬಲ್ಲಿನ ಅಳತೆಗೆ ಎರಡು ಮಂಚ ಜೋಡಿಸಿ, ಮೇಲೆ ಕೆಂಪು ಮಖಮಲ್ ಹರಡಿದೆ. ಅತ್ತೆ ತಾವೇ ನೋಡಬೇಕೆಂದು ಪಕ್ಕದಲ್ಲಿ ಸ್ಟೂಲು ಹಾಕಿ ಕೂತರು.

ಕಟ್ಟಿದ ಮೇಲೆ ಗೊತ್ತಾಯಿತು, ನಾಲ್ಕೂ ಕಡೆ ಬಟ್ಟೆ ಮೊಳದುದ್ದ ಜೋತಾಡುತ್ತಿದೆ. ಕೈಯ ಅಭ್ಯಾಸ. ನಾಟಕದ ಉಡುಪನ್ನು ಇವತ್ತು ಕುಳ್ಳ ಹಾಕಿದರೆ ನಾಳೆ ಉದ್ದನೆಯವನು ಹಾಕುತ್ತಾನೆ. ಬಿಚ್ಚಿ ಇಳಿಸಲಿಕ್ಕೆಂದು ಅಂಚಿನಲ್ಲಿ ಒಂದು ಮೊಳ ಹೆಚ್ಚಿಗೆ ಬಿಡುವುದು ನಮ್ಮ ಕಸುಬಿನ ಕ್ರಮ. ಮಾಡು ಬೆಳೆಯುವುದಿಲ್ಲ ಎಂದು ಕತ್ತರಿಗೆ ಗೊತ್ತಾಗಲಿಲ್ಲ.

"ಮಂಟಪಕ್ಕೆ ಲಂಗ ತೊಡಿಸಿದೀಯಲ್ಲೇ!" ನಮ್ಮವರು ಬಿದ್ದು ಬಿದ್ದು ನಕ್ಕರು.

ಗುಂಡುಪಿನ್ನು ಬಾಯಲ್ಲಿ ಕಚ್ಚಿಕೊಂಡು ಅಂಚು ಮಡಚುತ್ತ ಬಂದೆ. ಪೂರ್ವದ ಕಡೆಯದು ಮುಗಿಯಿತು, ಉತ್ತರ, ದಕ್ಷಿಣದ್ದೂ ಮುಗಿಯಿತು. ಅಷ್ಟರಲ್ಲಿ ಬಿಸಿಲು ಓರೆಯಾಗಿತ್ತು. ಪಶ್ಚಿಮದ ಅಂಚನ್ನು ಮೂಲೆಯಿಂದ ಎತ್ತಿ ಅರ್ಧದವರೆಗೆ ಪಿನ್ನು ಹಾಕಿದೆ. ತಿರುಗಿ ನೋಡಿದೆ. ಮಖಮಲ್ಲಿನ ಮೇಲೆ ಬಿಸಿಲು ಬಿದ್ದು ಉರಿಯುತ್ತಿತ್ತು. ನನ್ನ ಮಂಟಪವೂ ಸೋತಿತ್ತು.

ಪಿನ್ನುಗಳನ್ನು ಬಾಯಿಂದ ತೆಗೆದೆ. ಗರಗಸದ ಸದ್ದು ಕಿವಿಯಲ್ಲಿ ಆಗಲೇ ಶುರುವಾಗಿತ್ತು. ಮಾಡಿದ್ದನ್ನು ಮುಗಿಸಿಯೇ ಬಿಡೋಣ ಎಂದು ಉಳಿದರ್ಧಕ್ಕೆ ಕೈ ಹಾಕಿದೆ.

"ಮುಟ್ಬೇಡ!"

ಅತ್ತೆ ಸ್ಟೂಲಿನಿಂದ ಎದ್ದೇಬಿಟ್ಟಿದ್ದರು.

"ಏನಾಯ್ತು ಅತ್ತೆ?"

"ಕಣ್ಣು ಬಿಟ್ಟು ನೋಡೇ. ನೀನು ಮಡಚಿದ ಕಡೆ ಬಿಸಿಲು. ಮಡಚದಿರೋ ಕಡೆ?"

ನೋಡಿದೆ. ಮಖಮಲ್ಲಿನ ಅರ್ಧ ಬೆಂಕಿಯಂತಿತ್ತು. ಜೋಲುಬಟ್ಟೆಯ ಎದುರಿನ ಅರ್ಧ ಗಾಢವಾಗಿ, ತಣ್ಣಗೆ ಮಲಗಿತ್ತು. ಬೇಡವಾಗಿದ್ದ ಆ ಒಂದು ಮೊಳ ಇಳಿಬಿಸಿಲನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿತ್ತು. ಹಾಕಿದ ಪಿನ್ನುಗಳನ್ನು ಒಂದೊಂದಾಗಿ ಕಿತ್ತೆ. ಬಟ್ಟೆ ಇಳಿಯಿತು. ಇಡೀ ಮಖಮಲ್ ಒಂದೇ ಬಣ್ಣವಾಯಿತು.

ಅತ್ತೆಯನ್ನು ತಬ್ಬಿಕೊಂಡೆ.

"ಬಿಡೇ, ಸೊಂಟ ನೋಯುತ್ತೆ," ಅಂದರು. ಕೈ ಮಾತ್ರ ನನ್ನ ಬೆನ್ನ ಮೇಲೇ ಇತ್ತು.

ಮರದಂಗಡಿಯವನು ಬಂದು ನೋಡಿ ಹುಬ್ಬು ಗಂಟಿಕ್ಕಿದ. "ಒಂದ್ಕಡೆ ಮಾತ್ರ ಮಾಡು ಇಳಿಸೋದಾ? ಹಣೆ ಮೇಲೆ ಟೋಪಿ ಎಳ್ಕೊಂಡಂಗೆ ಕಾಣುತ್ತೆ ಮೇಡಂ. ತಲೆ ಬೇರೆ ತಗಲುತ್ತೆ."

"ಆ ಕಡೆ ಟೇಬಲ್ ಇರುತ್ತೆ. ಟೇಬಲ್ ತಲೆ ಎತ್ತೋದಿಲ್ಲ," ಅಂದರು ಅತ್ತೆ. "ಟೋಪಿ ಎಳ್ಕೊಳ್ಳೋದು ಬಿಸಿಲಿಗೇ ತಾನೇ? ಬರ್ಕೋ."

ಅವನು ಬರೆದುಕೊಂಡ. ಕೋರಾ ಬಟ್ಟೆಯ ಅಂಚು ಎಲ್ಲಿಗೆ ಬಂತೋ ಅಲ್ಲಿಗೇ ಹಲಗೆಯೂ ಬರಬೇಕೆಂದು ಚಾಕ್‌ಪೀಸಿನಿಂದ ಬಿದಿರಿಗೆ ಗುರುತು ಹಾಕಿ ಕೊಟ್ಟೆ.

ಮಂಟಪ ಎದ್ದು ನಿಂತ ದಿನ ಟೇಬಲ್ ಹಾಲ್‌ನಿಂದ ಹೊರಟಿತು. ಮುಂದೆ ನಮ್ಮವರು, ಹಿಂದೆ ಪೇಂಟರ್, ನಡುವೆ ಬಡಗಿಗಳಿಬ್ಬರು. ಬಾಗಿಲಲ್ಲಿ ಸಿಕ್ಕಿಕೊಂಡಿತು.

"ರೈಟ್! ರೈಟ್! ಹೋಲ್ಡಾನ್!" ನಮ್ಮವರು ಕಂಡಕ್ಟರ್‌ನಂತೆ ಕೂಗಿದರು. ಕಾಲು ಮೇಲಾಗಿ, ಪಕ್ಕಕ್ಕೆ ವಾಲಿ, ಚೌಕಟ್ಟಿನ ಬಣ್ಣ ಒಂದಿಷ್ಟು ಕೆರೆದುಕೊಂಡು, ಟೇಬಲ್ ಇಡಿಯಾಗಿಯೇ ಆಚೆ ಬಂತು. ಒಂದು ಬೆರಳಿನಷ್ಟೂ ಕೊಯ್ಯದೆ.

ಸುದ್ದಿ ತಿಳಿದು ಬೀದಿಯವರು ಬಂದರು. "ಡಿಸೈನ್ ಯಾರದ್ದು?" ಎಂದು ಒಬ್ಬರು ಕೇಳಿದರೆ, ಅತ್ತೆ ಸೆರಗು ಸರಿಮಾಡಿಕೊಂಡು, "ನಮ್ಮದೇ. ನಾನು, ನನ್ನ ಸೊಸೆ," ಅಂದರು. ನಮ್ಮವರು ಪರ್ಮನೆಂಟಾಗಿ ಒಂದು ಮೂಲೆ ಹಿಡಿದು, ಟೇಬಲ್ಲಿನ ಮೇಲೆ ಟೀ ಲೋಟ ಇಟ್ಟರು.

"ರೀ, ಲೋಟ ತೆಗೀರಿ. ಎಲ್ರೂ ಸ್ವಲ್ಪ ಹಿಂದೆ ನಿಂತ್ಕೊಳ್ಳಿ."

ಎಲ್ಲರೂ ಹಿಂದೆ ಸರಿದರು. ಅತ್ತೆ ಒಂದು ತುದಿ ಹಿಡಿದರು, ನಾನೊಂದು ತುದಿ ಹಿಡಿದೆ. ಮಖಮಲ್ ಗಾಳಿ ತುಂಬಿಕೊಂಡು ಉಬ್ಬಿ, ಮೆಲ್ಲಗೆ ಇಳಿದು, ಟೇಬಲ್ಲಿನ ಉದ್ದಕ್ಕೂ ಕೈಕಾಲು ಚಾಚಿ ಮಲಗಿತು. ಹೊರಗೆ ಇಳಿಹೊತ್ತಿನ ಬಿಸಿಲು ಕಲ್ಲನ್ನು ಕಾಯಿಸುತ್ತಿತ್ತು. ನಾನು ಕತ್ತರಿ ಎತ್ತಿಕೊಂಡೆ. ಈ ತುದಿಯಲ್ಲಿ ಇಟ್ಟ ಕತ್ತರಿ ಎಲ್ಲೂ ನಿಲ್ಲದೆ, ಒಂದೇ ಉಸಿರಿಗೆ, ಆ ತುದಿಗೆ ಓಡಿತು.